ಬಟಾಟೆಯಿಂದ ಮದ್ಯ: ಭಟ್ಟಿಗಿಂತ ಮೊದಲು ನಡೆಯುವ ಕೆಲಸ

ಕಾರವಾರದ ವಾರದ ಸಂತೆಯಲ್ಲಿ ಆಲೂಗಡ್ಡೆಯನ್ನು ಆಲೂಗಡ್ಡೆ ಎಂದು ಕೇಳುವವರು ಕಡಿಮೆ. ಇಲ್ಲಿ ಅದು ಬಟಾಟೆ. ಹೆಸರು ಪೋರ್ಚುಗೀಸರ ಬಾಯಿಂದ ಬಂದದ್ದು, ಗಡ್ಡೆಯೂ ಅವರ ಹಡಗಿನಲ್ಲೇ ಪಶ್ಚಿಮ ಕರಾವಳಿಗೆ ಇಳಿದದ್ದು. ನಮ್ಮ ಗುಡ್ಡಗಳ ತುಂಬ ಬೆಳೆದು ನಿಂತಿರುವ ಗೇರು ಮರವೂ ಅದೇ ಜನರ ಕೈಯಿಂದ ಬ್ರೆಜಿಲಿನಿಂದ ಬಂತು. ದಕ್ಷಿಣ ಅಮೆರಿಕದಿಂದ ಹೊರಟ ಈ ಎರಡರಲ್ಲಿ ಗೇರುಹಣ್ಣು ಗೋವೆಯಲ್ಲಿ ಫೇಣಿಯಾಯಿತು. ಬಟಾಟೆಯಾದರೋ ನಮ್ಮಲ್ಲಿ ಭಾಜಿಯಾಗಿ, ಬೋಂಡವಾಗಿ ಉಳಿಯಿತು. ಅದೇ ಬಟಾಟೆ ಪೋಲೆಂಡಿನಲ್ಲಿ ವೋಡ್ಕಾ ಆಯಿತು, ನಾರ್ವೆಯಲ್ಲಿ ಜೀರಿಗೆಯಂಥ ಕಾಳಿನ ಪರಿಮಳ ಹಿಡಿದ ಅಕ್ವಾವಿಟ್ ಆಯಿತು. ಕಾಳಿ ನದಿ ದಾಟಿ ಸದಾಶಿವಗಡ, ಮಾಜಾಳಿ ಹಾದು ಗೋವೆಯ ಕಾಣಕೋಣದ ಕಡೆ ಹೋದರೆ ಮಾರ್ಚ್‌ನಿಂದ ಮೇ ತಿಂಗಳವರೆಗೆ ಗೇರಿನ ಭಟ್ಟಿಗಳ ಹೊಗೆ ಕಾಣುತ್ತದೆ. ಅಂಥ ಭಟ್ಟಿಯೊಂದಕ್ಕೆ ಗೇರಿನ ರಸದ ಬದಲು ಬಟಾಟೆಯ ರಸ ಸುರಿದರೆ ಏನಾಗುತ್ತದೆ ಎಂಬ ಪ್ರಶ್ನೆ ಸಹಜವಾಗಿಯೇ ಹುಟ್ಟುತ್ತದೆ.

ಉತ್ತರ ಚಿಕ್ಕದು. ನೀರು ಬರುತ್ತದೆ, ಜೊತೆಗೆ ಕೊಳೆತ ಗಡ್ಡೆಯ ವಾಸನೆ ಬರುತ್ತದೆ, ಮದ್ಯ ಬರುವುದಿಲ್ಲ. ಏಕೆ ಬರುವುದಿಲ್ಲ ಎಂಬುದನ್ನು ತಿಳಿದುಕೊಂಡರೆ ಮದ್ಯದ ರಸಾಯನಶಾಸ್ತ್ರದ ಮುಕ್ಕಾಲು ಪಾಲು ತಿಳಿದಂತೆಯೇ. ಭಟ್ಟಿಯನ್ನು ನೋಡಿದವರಿಗೆ ಅಲ್ಲಿಯೇ ಮದ್ಯ ತಯಾರಾಗುತ್ತದೆ ಎಂದು ತೋರುವುದು ಸ್ವಾಭಾವಿಕ: ಬೆಂಕಿ ಅಲ್ಲಿದೆ, ತಾಮ್ರದ ಹಂಡೆ ಅಲ್ಲಿದೆ, ಹನಿ ಬೀಳುವುದೂ ಅಲ್ಲಿಯೇ. ವಾಸ್ತವದಲ್ಲಿ ಭಟ್ಟಿ ಏನನ್ನೂ ತಯಾರಿಸುವುದಿಲ್ಲ. ಈಗಾಗಲೇ ಇರುವುದನ್ನು ಬೇರ್ಪಡಿಸುತ್ತದೆ, ಅದೂ ಅರೆಬರೆಯಾಗಿ. ಬಟಾಟೆಯ ವಿಷಯದಲ್ಲಂತೂ ನಿಜವಾದ ಕೆಲಸವೆಲ್ಲ ಒಲೆ ಹೊತ್ತಿಸುವುದಕ್ಕಿಂತ ಮೊದಲೇ ಮುಗಿದಿರಬೇಕು.

ಗೇರುಹಣ್ಣಿನ ರಸದಲ್ಲಿ ಶೇಕಡಾ ಹತ್ತಕ್ಕೂ ಮಿಕ್ಕಿ ಸಕ್ಕರೆ ಇರುತ್ತದೆ. ಹಣ್ಣಿನ ಸಿಪ್ಪೆಯ ಮೇಲೆ, ಗಾಳಿಯಲ್ಲಿ, ರಸ ಹಿಂಡುವ ಕಲ್ಲಿನ ಸಂದಿಯಲ್ಲಿ ಯೀಸ್ಟ್ ಎಂಬ ಏಕಕೋಶದ ಜೀವಿ ಕಾದು ಕೂತಿರುತ್ತದೆ. ರಸ ಸೇರಿದ ಕೆಲವೇ ಗಂಟೆಗಳಲ್ಲಿ ಅದು ಸಕ್ಕರೆಯನ್ನು ತಿಂದು ಆಲ್ಕೋಹಾಲ್ ಮತ್ತು ಇಂಗಾಲದ ಡೈ ಆಕ್ಸೈಡನ್ನು ಹೊರಹಾಕತೊಡಗುತ್ತದೆ. ಎರಡು ಮೂರು ದಿನಗಳಲ್ಲಿ ನೊರೆ ಅಡಗಿ ರಸ ಭಟ್ಟಿಗೆ ಸಿದ್ಧವಾಗುತ್ತದೆ. ತೆಂಗಿನ ಕಳ್ಳು ಬೆಳಿಗ್ಗೆ ಸಿಹಿಯಾಗಿದ್ದು ಸಂಜೆಗೆ ಅಮಲು ತರಿಸುವಂತಾಗುವುದೂ ಇದೇ ಕಾರಣಕ್ಕೆ. ಮನುಷ್ಯ ಇಲ್ಲಿ ಮಾಡಬೇಕಾದದ್ದು ಬಹಳ ಸ್ವಲ್ಪ.

ಬಟಾಟೆಯಲ್ಲಿ ಮುಕ್ಕಾಲು ಭಾಗಕ್ಕಿಂತ ಹೆಚ್ಚು ನೀರು, ಶೇಕಡಾ 15ರಿಂದ 20ರಷ್ಟು ಪಿಷ್ಟ, ಮತ್ತು ಹೆಸರಿಗೆ ಮಾತ್ರ ಸಕ್ಕರೆ. ಪಿಷ್ಟವೂ ಮೂಲತಃ ಸಕ್ಕರೆಯೇ. ಸಾವಿರಾರು ಗ್ಲೂಕೋಸ್ ಅಣುಗಳು ಕೊಂಡಿ ಕೊಂಡಿಯಾಗಿ ಸೇರಿದ ಸರಪಳಿ ಅದು. ಆದರೆ ಆ ಸರಪಳಿಯನ್ನು ಕತ್ತರಿಸುವ ಸಾಧನ ಸಾಮಾನ್ಯ ಯೀಸ್ಟಿನ ಬಳಿ ಇಲ್ಲ. ಬೀಗ ಹಾಕಿದ ಕಣಜದ ಮುಂದೆ ನಿಂತ ಹಸಿದವನ ಸ್ಥಿತಿ ಅದರದು. ಅದು ಹಾಗೆ ನಿಂತಿರುವಾಗ ಮಣ್ಣಿನಿಂದ ಬಂದ ಬ್ಯಾಕ್ಟೀರಿಯಾಗಳು ಮುನ್ನುಗ್ಗುತ್ತವೆ, ಗಡ್ಡೆ ಕೊಳೆಯುತ್ತದೆ.

ಇಲ್ಲಿ ಗೆಣಸಿನ ಮಾತನ್ನೂ ಹೇಳಬೇಕು, ಏಕೆಂದರೆ ನೋಡಲು ಬಟಾಟೆಯ ನೆಂಟನಂತಿರುವ ಗೆಣಸು ಈ ವಿಷಯದಲ್ಲಿ ಬೇರೆಯೇ ದಾರಿ ಹಿಡಿದಿದೆ. ಗೆಣಸಿನೊಳಗೆ ಪಿಷ್ಟವನ್ನು ಕತ್ತರಿಸುವ ಬೀಟಾ ಅಮೈಲೇಸ್ ಎಂಬ ಕಿಣ್ವ ಹೇರಳವಾಗಿದೆ. ಗೆಣಸನ್ನು ಕೆಂಡದಲ್ಲಿ ನಿಧಾನವಾಗಿ ಸುಟ್ಟರೆ ಬೇಯಿಸಿದ್ದಕ್ಕಿಂತ ಸಿಹಿಯಾಗುವುದು ಈ ಕಿಣ್ವಕ್ಕೆ ಕೆಲಸ ಮಾಡಲು ಹೆಚ್ಚು ಹೊತ್ತು ಸಿಗುವುದರಿಂದ. ಬಟಾಟೆಯನ್ನು ಎಷ್ಟು ಹೊತ್ತು ಸುಟ್ಟರೂ ಹಾಗೆ ಸಿಹಿಯಾಗುವುದಿಲ್ಲ. ಅದು ಸಿಹಿಯಾಗುವ ಸಂದರ್ಭ ಒಂದೇ: ಫ್ರಿಜ್ಜಿನ ಚಳಿಯಲ್ಲಿ ವಾರಗಟ್ಟಲೆ ಇಟ್ಟಾಗ ಗಡ್ಡೆ ತನ್ನ ಪಿಷ್ಟದ ಸ್ವಲ್ಪ ಪಾಲನ್ನು ಸಕ್ಕರೆಯಾಗಿಸಿಕೊಳ್ಳುತ್ತದೆ. ಅಂಥ ಬಟಾಟೆಯ ಚಿಪ್ಸ್ ಎಣ್ಣೆಗೆ ಬಿದ್ದ ಕೂಡಲೇ ಕಂದುಗಟ್ಟುವುದನ್ನು ಅಡುಗೆಮನೆಯಲ್ಲಿ ಅನೇಕರು ಕಂಡಿರುತ್ತಾರೆ, ಕಾರಣ ತಿಳಿಯದೆ ಎಣ್ಣೆಯನ್ನು ದೂರಿರುತ್ತಾರೆ. ಮದ್ಯಕ್ಕೆ ಆ ಸಕ್ಕರೆ ಎಲ್ಲಿಗೂ ಸಾಲದು.

ಹಾಗಾದರೆ ಪಿಷ್ಟದ ಬೀಗ ತೆರೆಯುವವರು ಯಾರು? ಮೊಳಕೆಯೊಡೆದ ಧಾನ್ಯ. ಕಾಳು ಮೊಳೆಯುವಾಗ ತನ್ನೊಳಗಿನ ಪಿಷ್ಟವನ್ನು ಕರಗಿಸಿ ಎಳೆಯ ಸಸಿಗೆ ಉಣಿಸಲು ಅಮೈಲೇಸ್ ಕಿಣ್ವಗಳನ್ನು ತಯಾರಿಸುತ್ತದೆ. ಆ ಹೊತ್ತಿಗೆ ಸರಿಯಾಗಿ ಕಾಳನ್ನು ಒಣಗಿಸಿ ಹಿಟ್ಟು ಮಾಡಿಟ್ಟರೆ ಕಿಣ್ವ ಹಿಟ್ಟಿನಲ್ಲೇ ಉಳಿಯುತ್ತದೆ. ಯುರೋಪಿನವರು ಬಾರ್ಲಿಯಿಂದ ಇದನ್ನು ಮಾಡಿ ಮಾಲ್ಟ್ ಎಂದು ಕರೆದರು. ನಮ್ಮ ಮನೆಗಳಲ್ಲಿ ಹಸುಗೂಸಿಗೆ ಮಾಡುವ ಮೊಳಕೆ ರಾಗಿಯ ಹಿಟ್ಟು ಅದೇ ವಸ್ತು.

ಮದ್ಯಕ್ಕೆ ಸಂಬಂಧವಿಲ್ಲದ ಒಂದು ಪ್ರಯೋಗದಿಂದ ಇದನ್ನು ಕಣ್ಣಾರೆ ಕಾಣಬಹುದು. ನಾನು ಮನೆಯಲ್ಲಿ ಮಾಡಿ ನೋಡಿದ್ದೇನೆ. ಎರಡು ಬಟಾಟೆಗಳನ್ನು ಚೆನ್ನಾಗಿ ಬೇಯಿಸಿ, ಸಿಪ್ಪೆ ತೆಗೆದು, ಚಮಚ ನೆಟ್ಟಗೆ ನಿಲ್ಲುವಷ್ಟು ಮಂದವಾಗಿ ನೀರಿನಲ್ಲಿ ನುರಿಯಬೇಕು. ಅದು ಬೆರಳು ಅದ್ದಿದರೆ ತಡೆಯಲಾರದಷ್ಟು, ಅಂದರೆ 60ರಿಂದ 65 ಡಿಗ್ರಿಯಷ್ಟು ಬಿಸಿಯಾಗಿರುವಾಗ ಒಂದು ದೊಡ್ಡ ಚಮಚ ಮೊಳಕೆ ರಾಗಿ ಹಿಟ್ಟನ್ನು ಕಲಸಿ ತಿರುವುತ್ತ ಹೋದರೆ ಕೆಲವೇ ನಿಮಿಷಗಳಲ್ಲಿ ಚಮಚ ವಾಲಿ ಬೀಳುತ್ತದೆ. ಇನ್ನಷ್ಟು ಹೊತ್ತಿಗೆ ಮುದ್ದೆಯಂತಿದ್ದದ್ದು ಗಂಜಿಯ ತಿಳಿಯಂತಾಗುತ್ತದೆ. ಮೊದಲೇ ಒಂದಿಷ್ಟನ್ನು ಬದಿಗೆ ತೆಗೆದಿಟ್ಟು ಅದರ ಮೇಲೆ ಒಂದು ಹನಿ ಟಿಂಕ್ಚರ್ ಅಯೋಡಿನ್ ಬಿಟ್ಟರೆ ಶಾಯಿಯಂಥ ಕಡುನೀಲಿ ಬಣ್ಣ ಬರುತ್ತದೆ, ಅದು ಪಿಷ್ಟದ ಗುರುತು. ರಾಗಿ ಹಿಟ್ಟು ಬೆರೆಸಿದ ಪಾತ್ರೆಯಿಂದ ಅರ್ಧ ಅಥವಾ ಒಂದು ಗಂಟೆಯ ನಂತರ ತೆಗೆದ ತಿಳಿಯಲ್ಲಿ ನೀಲಿ ಮಸುಕಾಗಿ ಕೆಂಗಂದು ಬಣ್ಣಕ್ಕೆ ತಿರುಗಿರುತ್ತದೆ. ಅಯೋಡಿನ್ ತಾಗದ ಭಾಗವನ್ನು ನಾಲಿಗೆಗೆ ಇಟ್ಟರೆ ತೆಳು ಸಿಹಿ. ಒಂದು ಚಿಟಿಕೆ ಸಕ್ಕರೆಯನ್ನೂ ಯಾರೂ ಹಾಕಿಲ್ಲ.

ಇಷ್ಟರಲ್ಲಿ ಎರಡು ಸೂಕ್ಷ್ಮಗಳಿವೆ. ಮೊದಲನೆಯದು, ಗಡ್ಡೆ ಪೂರ್ತಿ ಬೆಂದಿರಬೇಕು. ಹಸಿ ಪಿಷ್ಟದ ಕಣಗಳು ಬಿಗಿಯಾಗಿ ಮುಚ್ಚಿಕೊಂಡಿರುತ್ತವೆ. ಬಟಾಟೆಯ ಪಿಷ್ಟ ಸುಮಾರು 60ರಿಂದ 70 ಡಿಗ್ರಿಯ ನಡುವೆ ನೀರು ಕುಡಿದು ಉಬ್ಬಿ ಒಡೆಯುತ್ತದೆ, ಆಗಲೇ ಕಿಣ್ವಕ್ಕೆ ಒಳಗೆ ದಾರಿ. ಎರಡನೆಯದು, ಕಿಣ್ವಕ್ಕೆ ಶಾಖ ಬೇಕು, ಆದರೆ ಕುದಿ ಆಗದು. 60ರ ಆಸುಪಾಸಿನಲ್ಲಿ ಹುರುಪಿನಿಂದ ದುಡಿಯುವ ಮಾಲ್ಟಿನ ಕಿಣ್ವ 80 ಡಿಗ್ರಿ ದಾಟಿದರೆ ಬೇಗನೆ ಕೆಡುತ್ತದೆ. ಕುದಿಯುವ ಬಟಾಟೆಗೆ ಮಾಲ್ಟ್ ಸುರಿಯುವುದೆಂದರೆ ಮಾಲ್ಟನ್ನು ಬೇಯಿಸಿ ಎಸೆದಂತೆ. ಜಪಾನಿನವರು ಮೊಳಕೆಯ ಬದಲು ಅಕ್ಕಿಯ ಮೇಲೆ ಬೆಳೆಸಿದ ಕೋಜಿ ಎಂಬ ಬೂಷ್ಟಿನಿಂದ ಇದೇ ಕೆಲಸ ಮಾಡಿಸಿಕೊಳ್ಳುತ್ತಾರೆ, ಅಲ್ಲಿನ ಗೆಣಸಿನ ಮದ್ಯವೂ ಹಾಗೆಯೇ ತಯಾರಾಗುತ್ತದೆ. ಇಂದಿನ ಕಾರ್ಖಾನೆಗಳು ಶುದ್ಧ ಕಿಣ್ವವನ್ನೇ ಕೊಂಡು ಬಳಸುತ್ತವೆ.

ಸಕ್ಕರೆಯಾದ ಮೇಲಿನ ಲೆಕ್ಕ ಸರಳ. 180 ಗ್ರಾಂ ಗ್ಲೂಕೋಸಿನಿಂದ ಹೆಚ್ಚೆಂದರೆ 92 ಗ್ರಾಂ ಆಲ್ಕೋಹಾಲ್ ಹುಟ್ಟುತ್ತದೆ, ಉಳಿದ 88 ಗ್ರಾಂ ಅನಿಲವಾಗಿ ಹಾರಿಹೋಗುತ್ತದೆ. ಶೇಕಡಾ 17 ಪಿಷ್ಟವಿರುವ 10 ಕಿಲೋ ಬಟಾಟೆಯಲ್ಲಿ 1.7 ಕಿಲೋ ಪಿಷ್ಟ. ಅದು ನೀರನ್ನು ಸೇರಿಸಿಕೊಂಡು ಸುಮಾರು 1.9 ಕಿಲೋ ಸಕ್ಕರೆಯಾಗುತ್ತದೆ; ಅದರಿಂದ ಕಾಗದದ ಮೇಲೆ 1.2 ಲೀಟರ್ ಶುದ್ಧ ಆಲ್ಕೋಹಾಲ್. ಪಿಷ್ಟ ಪೂರ್ತಿ ಕರಗುವುದಿಲ್ಲ, ಯೀಸ್ಟ್ ತನ್ನ ಮೈ ಬೆಳೆಸಿಕೊಳ್ಳಲು ಒಂದಿಷ್ಟು ತಿನ್ನುತ್ತದೆ, ಆದ್ದರಿಂದ ಒಂದು ಲೀಟರ್ ಸಿಕ್ಕರೆ ಚೆನ್ನಾಗಿ ನಡೆದಂತೆ. ಶೇಕಡಾ 40ರ ಮದ್ಯದ ಲೆಕ್ಕದಲ್ಲಿ ಅದು ಎರಡೂವರೆ ಲೀಟರ್. ಅಷ್ಟೇ ತೂಕದ ಅಕ್ಕಿಯಲ್ಲಿ ಇದರ ನಾಲ್ಕು ಪಟ್ಟಿಗಿಂತ ಹೆಚ್ಚು ಪಿಷ್ಟವಿದೆ. ಬಟಾಟೆಯಿಂದ ಮದ್ಯ ಮಾಡುವುದು ಸುಲಭವೆಂದು ಯಾರೂ ಅದನ್ನು ಆರಿಸಿಕೊಂಡಿಲ್ಲ.

ಹಾಗಿದ್ದರೂ ಯುರೋಪು ಅದನ್ನು ಆರಿಸಿಕೊಂಡದ್ದೇಕೆ? ಅಲ್ಲಿ ಮದ್ಯ ಮತ್ತು ರೊಟ್ಟಿ ಒಂದೇ ಕಣಜದ ಧಾನ್ಯಕ್ಕಾಗಿ ಜಗಳವಾಡುತ್ತಿದ್ದವು. ಸ್ವೀಡನ್ನಿನ ಏವಾ ಏಕೆಬ್ಲಾಡ್ ಎಂಬ ಮಹಿಳೆ ಬಟಾಟೆಯಿಂದ ಹಿಟ್ಟನ್ನೂ ಮದ್ಯವನ್ನೂ ತೆಗೆಯುವ ವಿಧಾನವನ್ನು 1746ರಲ್ಲಿ ಕಂಡುಕೊಂಡು ಅಲ್ಲಿನ ರಾಜಮನ್ನಣೆಯ ವಿಜ್ಞಾನ ಅಕಾಡೆಮಿಗೆ ತಿಳಿಸಿದಳು; 1748ರಲ್ಲಿ ಆ ಅಕಾಡೆಮಿ ಅವಳನ್ನು ಸದಸ್ಯೆಯಾಗಿ ಆರಿಸಿತು. ಅಲ್ಲಿ ಸ್ಥಾನ ಪಡೆದ ಮೊದಲ ಮಹಿಳೆ ಅವಳು. ಚಳಿಯ, ಮರಳು ಮಣ್ಣಿನ ನೆಲದಲ್ಲಿ ಗೋಧಿ ಸೊರಗುವಲ್ಲಿಯೂ ಬಟಾಟೆ ಬರುತ್ತದೆ, ಒಂದು ಎಕರೆಯಲ್ಲಿ ಸಿಗುವ ಒಟ್ಟು ಪಿಷ್ಟವನ್ನು ನೋಡಿದರೆ ಧಾನ್ಯಕ್ಕೆ ಅದು ಸೋಲುವುದಿಲ್ಲ. 1817ರಲ್ಲಿ ಬರ್ಲಿನ್ನಿನ ಪಿಸ್ಟೋರಿಯಸ್ ಎಂಬಾತ ಬಟಾಟೆಯನ್ನು ಬೇಯಿಸಿ ನುರಿದ ಮಂದ ಕಲಕಿಗೆಂದೇ ಹೊಸ ಬಗೆಯ ಭಟ್ಟಿಯೊಂದಕ್ಕೆ ಪೇಟೆಂಟ್ ಪಡೆದ ಮೇಲೆ ಜರ್ಮನಿಯಲ್ಲಿ ಈ ಉದ್ಯಮ ದೊಡ್ಡದಾಗಿ ಬೆಳೆಯಿತು. ಶಿರಸಿಯ ತೋಟಿಗನಿಗಾಗಲಿ ಅಂಕೋಲೆಯ ಗದ್ದೆಯವನಿಗಾಗಲಿ ಇಂಥ ಒತ್ತಡ ಬರಲಿಲ್ಲ. ಇಲ್ಲಿ ಬಟಾಟೆ ಘಟ್ಟದ ಮೇಲಿನ ಊರುಗಳಿಂದ ಲಾರಿಯಲ್ಲಿ ಬರಬೇಕು, ಗೇರುಹಣ್ಣೋ ಮರದಡಿಯಲ್ಲೇ ಬಿದ್ದು ಕೊಳೆಯುತ್ತದೆ.

ಯೀಸ್ಟ್ ಸಕ್ಕರೆಯನ್ನು ಆಲ್ಕೋಹಾಲಾಗಿಸುವ, ಅಂದರೆ ಹುಳಿ ಬರಿಸುವ ಹಂತಕ್ಕೆ ನಮ್ಮ ಹವೆ ಮಿತ್ರನೂ ಅಲ್ಲ. ಮೇ ತಿಂಗಳ ಕಾರವಾರದಲ್ಲಿ ರಾತ್ರಿ ರುಬ್ಬಿಟ್ಟ ದೋಸೆ ಹಿಟ್ಟು ಬೆಳಗಾಗುವುದರೊಳಗೆ ಪಾತ್ರೆಯಿಂದ ಉಕ್ಕಿ ಹರಿದಿರುತ್ತದೆ. ಅಂಥ ಸೆಕೆಯಲ್ಲಿ ಯೀಸ್ಟ್ ವೇಗವಾಗಿ ದುಡಿಯುತ್ತದೆ, ಆದರೆ ಒರಟಾಗಿ ದುಡಿಯುತ್ತದೆ; ಆಲ್ಕೋಹಾಲಿನ ಜೊತೆಗೆ ಭಾರವಾದ, ಘಾಟು ವಾಸನೆಯ ಬೇರೆ ಆಲ್ಕೋಹಾಲುಗಳನ್ನೂ ಹೆಚ್ಚಾಗಿ ಹುಟ್ಟಿಸುತ್ತದೆ. ಜೊತೆಗೆ ಹುಳಿಯ ಬ್ಯಾಕ್ಟೀರಿಯಾಗಳು ಪಾಲು ಕೇಳಲು ಬರುತ್ತವೆ. ಆ ಭಾರವಾದ ಆಲ್ಕೋಹಾಲುಗಳಲ್ಲಿ ಒಂದರ ಹೆಸರು ಅಮೈಲ್ ಆಲ್ಕೋಹಾಲ್. ಲ್ಯಾಟಿನ್ನಿನಲ್ಲಿ ಅಮೈಲಮ್ ಎಂದರೆ ಪಿಷ್ಟ. ಬಟಾಟೆಯ ಮದ್ಯವನ್ನು ಇಳಿಸುವಾಗ ಕೊನೆಗೆ ಉಳಿದ ಎಣ್ಣೆಯಂಥ ದ್ರವದಲ್ಲಿ ಸಿಕ್ಕಿದ್ದರಿಂದ ರಸಾಯನಶಾಸ್ತ್ರಜ್ಞರು ಅದಕ್ಕೆ ಆ ಹೆಸರನ್ನಿಟ್ಟರು. ಹಾಗಾಗಿ ಬಟಾಟೆಯ ಪಿಷ್ಟದ ಹೆಸರು ಪ್ರಯೋಗಾಲಯದ ಬಾಟಲಿಯ ಮೇಲೂ ಉಳಿದುಕೊಂಡಿದೆ.

ಇನ್ನು ಭಟ್ಟಿ. ನೀರು 100 ಡಿಗ್ರಿಯಲ್ಲಿ, ಆಲ್ಕೋಹಾಲ್ 78.3 ಡಿಗ್ರಿಯಲ್ಲಿ ಕುದಿಯುತ್ತದೆ ಎಂದು ಶಾಲೆಯಲ್ಲಿ ಓದಿದವರು, 78ಕ್ಕೆ ಬಿಸಿ ಮಾಡಿ ನಿಲ್ಲಿಸಿದರೆ ಆಲ್ಕೋಹಾಲ್ ಮಾತ್ರ ಹೊರಬಂದು ನೀರು ಕೆಳಗೆ ಉಳಿಯುತ್ತದೆ ಎಂದು ಊಹಿಸುತ್ತಾರೆ. ಹಾಗೆ ಆಗುವುದಿಲ್ಲ. ಬೆರೆತ ದ್ರವಗಳು ಬೆರೆತೇ ಕುದಿಯುತ್ತವೆ. ಶೇಕಡಾ ಎಂಟರಷ್ಟು ಆಲ್ಕೋಹಾಲ್ ಇರುವ ಬಟಾಟೆಯ ಹುಳಿರಸ ಕುದಿಯತೊಡಗುವುದು ಸುಮಾರು 94 ಡಿಗ್ರಿಯಲ್ಲಿ. ಆದರೆ ಆಗ ಮೇಲೇಳುವ ಆವಿಯಲ್ಲಿ ಆಲ್ಕೋಹಾಲಿನ ಪಾಲು ಕೆಳಗಿನ ದ್ರವದಲ್ಲಿ ಇರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು, ಅರ್ಧದ ಹತ್ತಿರ. ಗಂಜಿ ಪಾತ್ರೆಯ ಮುಚ್ಚಳದಲ್ಲಿ ಹನಿಗಟ್ಟಿದಂತೆ ಆ ಆವಿ ತಣ್ಣಗಾದಾಗ ಮೂಲಕ್ಕಿಂತ ಗಟ್ಟಿಯಾದ ದ್ರವ ಸಿಗುತ್ತದೆ. ಕೆಳಗೆ ಆಲ್ಕೋಹಾಲ್ ಕಡಿಮೆಯಾದಂತೆ ಹನಿಯೂ ತೆಳುವಾಗುತ್ತ ಹೋಗುತ್ತದೆ, ಹಾಗಾಗಿ ಒಟ್ಟು ಸೇರಿದ್ದನ್ನು ಇನ್ನೊಮ್ಮೆ ಇಳಿಸಬೇಕು. ಗೋವೆಯಲ್ಲಿ ಮೊದಲ ಇಳುವರಿಯಾದ ಉರ್ರಾಕ್ ಹಗುರವಾಗಿದ್ದು, ಅದನ್ನು ಮತ್ತೆ ಹಂಡೆಗೆ ಹಾಕಿ ಇಳಿಸಿದ ಫೇಣಿ ಶೇಕಡಾ 42ರ ಆಸುಪಾಸಿಗೆ ಬರುವುದು ಹೀಗೆ. ಫೇಣಿ ಎಂಬ ಹೆಸರೇ ನೊರೆ ಎಂಬರ್ಥದ ಫೇನದಿಂದ ಬಂದದ್ದೆನ್ನುತ್ತಾರೆ. ಬಾಟಲಿ ಅಲುಗಾಡಿಸಿದಾಗ ಏಳುವ ಗುಳ್ಳೆ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನು ನೋಡಿ ಗಟ್ಟಿತನ ಹೇಳುವ ಹಿರಿಯರು ಈಗಲೂ ಇದ್ದಾರೆ. ಗೇರಿನ ಫೇಣಿಗೆ 2009ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರಕಿದೆ.

ಎಷ್ಟು ಸಲ ಇಳಿಸಿದರೂ ತೂಕದಲ್ಲಿ ಶೇಕಡಾ 95.6 ದಾಟಲಾಗದು, ಅಲ್ಲಿಗೆ ಆವಿಯಲ್ಲೂ ದ್ರವದಲ್ಲೂ ಒಂದೇ ಪ್ರಮಾಣವಾಗಿ ಭಟ್ಟಿ ಸೋಲೊಪ್ಪುತ್ತದೆ. ವೋಡ್ಕಾ ಕಾರ್ಖಾನೆಗಳು ಎತ್ತರದ ಕಂಬದಂಥ ಭಟ್ಟಿಗಳಲ್ಲಿ ಆ ಮಿತಿಯ ಸಮೀಪಕ್ಕೆ ಹೋಗಿ, ಅನಂತರ ನೀರು ಬೆರೆಸಿ 40ಕ್ಕೆ ಇಳಿಸುತ್ತವೆ. ಹಂಡೆಯ ಭಟ್ಟಿಯಲ್ಲಿ ಇದು ಸಾಧ್ಯವಿಲ್ಲ, ಆದ್ದರಿಂದ ಅದರಲ್ಲಿ ಇಳಿದದ್ದರಲ್ಲಿ ಗಡ್ಡೆಯ ಮಣ್ಣಿನ ಛಾಯೆ ಉಳಿದೇ ಉಳಿಯುತ್ತದೆ. ಹಂಡೆ ತಾಮ್ರದ್ದೇ ಆಗಿರಬೇಕೆಂಬ ಹಳೆಯ ಹಟಕ್ಕೆ ಅರ್ಥವಿದೆ: ಹುಳಿರಸದಲ್ಲಿರುವ ಗಂಧಕದ ದುರ್ವಾಸನೆಯ ಸಂಯುಕ್ತಗಳನ್ನು ತಾಮ್ರ ಹಿಡಿದಿಟ್ಟುಕೊಳ್ಳುತ್ತದೆ. ಕಿಲುಬು ಹಿಡಿದ ತಾಮ್ರ ಮಾತ್ರ ಬೇರೆಯೇ ತೊಂದರೆ, ಸೀಸದ ಬೆಸುಗೆ ಇರುವ ಹಂಡೆ ಅದಕ್ಕಿಂತ ದೊಡ್ಡ ತೊಂದರೆ.

ಮೊದಲ ಹನಿಗಳಲ್ಲಿ ಉಗುರುಬಣ್ಣ ಅಳಿಸುವ ದ್ರವದಂಥ ವಾಸನೆ, ಕೊನೆಯ ಹನಿಗಳಲ್ಲಿ ಒದ್ದೆ ಬಟ್ಟೆಯ ವಾಸನೆ ಬರುತ್ತದೆ. ಅನುಭವಿಗಳು ನಡುವಿನ ಪಾಲನ್ನು ಮಾತ್ರ ಇಟ್ಟುಕೊಳ್ಳುತ್ತಾರೆ. ಈ ಪದ್ಧತಿಯ ಸುತ್ತ ಒಂದು ಅಪಾಯಕಾರಿ ನಂಬಿಕೆ ಬೆಳೆದಿದೆ: ಮೊದಲ ಲೋಟವನ್ನು ಚೆಲ್ಲಿದರೆ ವಿಷವಾದ ಮೆಥನಾಲ್ ಪೂರ್ತಿ ಹೋಯಿತು ಎಂದು. ಮೆಥನಾಲ್ 64.7 ಡಿಗ್ರಿಯಲ್ಲಿ ಕುದಿಯುವುದು ನಿಜ, ಆದರೆ ಅದು ಶುದ್ಧವಾಗಿರುವಾಗಿನ ಮಾತು. ನೀರು ಹೆಚ್ಚಿರುವ ರಸದಲ್ಲಿ ಅದು ಮೊದಲಿನಿಂದ ಕೊನೆಯವರೆಗೂ ಹನಿಹನಿಯಾಗಿ ಹಂಚಿ ಬರುತ್ತದೆ. ಮೊದಲ ಪಾಲನ್ನು ಚೆಲ್ಲುವುದರಿಂದ ರುಚಿ ಸುಧಾರಿಸುತ್ತದೆ. ಮೆಥನಾಲ್ ಬೆರೆತ ಮದ್ಯ ಅದರಿಂದ ಶುದ್ಧವಾಗುವುದಿಲ್ಲ.

ಹುಳಿಯುವಾಗ ಮೆಥನಾಲ್ ಹುಟ್ಟುವುದು ಪೆಕ್ಟಿನ್ ಎಂಬ ವಸ್ತುವಿನಿಂದ, ಹಣ್ಣಿನ ಜಾಮ್ ಗಟ್ಟಿಯಾಗಲು ಕಾರಣವಾದದ್ದೂ ಅದೇ. ಬಟಾಟೆಯ ಜೀವಕೋಶದ ಗೋಡೆಯಲ್ಲಿ ಪೆಕ್ಟಿನ್ ಇದ್ದರೂ ಅದರಿಂದ ಬರುವ ಮೆಥನಾಲ್ ಅತ್ಯಲ್ಪ. ಕರ್ನಾಟಕವನ್ನು ನಡುಗಿಸಿದ ಕಳ್ಳಭಟ್ಟಿ ದುರಂತಗಳ ಮೂಲ ಬೇರೆ. 1981ರಲ್ಲಿ ಬೆಂಗಳೂರಿನಲ್ಲಿ ಮುನ್ನೂರಕ್ಕೂ ಹೆಚ್ಚು ಜನ, 2008ರಲ್ಲಿ ಬೆಂಗಳೂರು, ಕೋಲಾರ ಮತ್ತು ಗಡಿಯಾಚೆಯ ಕೃಷ್ಣಗಿರಿಯ ಸುತ್ತಮುತ್ತ ನೂರಕ್ಕೂ ಹೆಚ್ಚು ಜನ ಸತ್ತದ್ದು ಅಂಥ ವಿಷಮದ್ಯದಿಂದ. ಕಾರ್ಖಾನೆಗೆಂದು ತಯಾರಾದ, ಅಗ್ಗವಾಗಿ ಸಿಗುವ ಮೆಥನಾಲನ್ನು ಮದ್ಯವೆಂದು ಬೆರೆಸಿ ಮಾರಿದಲ್ಲಿ ಇಂಥ ಸಾವುಗಳು ಸಾಲುಸಾಲಾಗಿ ಬೀಳುತ್ತವೆ. ದೇಹದಲ್ಲಿ ಮೆಥನಾಲ್ ಫಾರ್ಮಿಕ್ ಆಮ್ಲವಾಗಿ ಕಣ್ಣಿನ ನರವನ್ನು ಸುಡುತ್ತದೆ. ಕುಡಿದ ಅರ್ಧ ದಿನದ ಮೇಲೆ ಕಣ್ಣು ಮಂಜಾದರೆ, ವಾಂತಿ, ಉಬ್ಬಸ ಕಂಡರೆ ಒಂದು ಕ್ಷಣವೂ ಕಾಯದೆ ಆಸ್ಪತ್ರೆಗೆ ಒಯ್ಯಬೇಕು, ಏಕೆಂದರೆ ಹೊತ್ತಿಗೆ ಸರಿಯಾಗಿ ಸಿಕ್ಕರೆ ಅದಕ್ಕೆ ಮದ್ದು ಇದೆ.

ಬಟಾಟೆಯ ಭಟ್ಟಿಗೇ ವಿಶೇಷವಾದ ಅಪಾಯ ಇನ್ನೊಂದು. ಸೋಸದ ಕಲಕು ಹಂಡೆಯಲ್ಲಿ ತಳ ಹಿಡಿಯುತ್ತದೆ, ಹಾಲಿನಂತೆ ಉಕ್ಕುತ್ತದೆ, ಉಕ್ಕಿದ ನೊರೆ ಆವಿಯ ಕೊಳವೆಗೆ ನುಗ್ಗಿ ಕಟ್ಟಿಕೊಳ್ಳುತ್ತದೆ. ದಾರಿ ಮುಚ್ಚಿದ ಹಂಡೆ ಒಲೆಯ ಮೇಲಿದ್ದರೆ ಮುಂದಿನದನ್ನು ಹೇಳಬೇಕಾಗಿಲ್ಲ. ಅದರ ಜೊತೆಗೆ, ಶೇಕಡಾ 40ರ ಮದ್ಯದಿಂದ ಬೆಂಕಿ ಹಿಡಿಯುವಷ್ಟು ಆವಿ ಏಳಲು 26 ಡಿಗ್ರಿ ಸಾಕು. ಕರಾವಳಿಯಲ್ಲಿ ವರ್ಷದ ಹೆಚ್ಚಿನ ದಿನ ನೆರಳಿನಲ್ಲೂ ಅದಕ್ಕಿಂತ ಹೆಚ್ಚು ಸೆಕೆಯಿರುತ್ತದೆ. ಸ್ವೀಡನ್ನಿನಲ್ಲಿ ನಲ್ಲಿಯ ನೀರೇ ಆವಿಯನ್ನು ತಣಿಸಲು ಸಾಕಾದರೆ, ನಮ್ಮ ತೊಟ್ಟಿಯ ನೀರು ಮಧ್ಯಾಹ್ನಕ್ಕೆ ಮುಟ್ಟಿದರೆ ಬೆಚ್ಚಗಿರುತ್ತದೆ. ತಣಿಯದೆ ಉಳಿದ ಆವಿ ಒಲೆಯ ಕಡೆಗೇ ಹರಿಯುತ್ತದೆ.

ಕಾನೂನಿನ ಮಟ್ಟಿಗೆ ಗೊಂದಲವಿಲ್ಲ. ನ್ಯೂಜಿಲೆಂಡಿನಲ್ಲಿ 1996ರಿಂದ ಸ್ವಂತ ಬಳಕೆಗೆ ಮನೆಯಲ್ಲಿ ಮದ್ಯ ಇಳಿಸಲು ಅವಕಾಶವಿದೆ. ಗೋವೆಯಲ್ಲಿ ಗೇರಿನ ಭಟ್ಟಿಗಳು ಅಬಕಾರಿ ಇಲಾಖೆಯ ಪರವಾನಗಿಯಡಿ ನಡೆಯುತ್ತವೆ. ಮಾಜಾಳಿಯ ತಪಾಸಣಾ ಠಾಣೆಯ ಈಚೆಗೆ, 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದಷ್ಟೇ ಅಲ್ಲ, ಅದಕ್ಕೆಂದು ಭಟ್ಟಿಯ ಸಲಕರಣೆ ಇಟ್ಟುಕೊಳ್ಳುವುದೂ ಅಪರಾಧ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ಮಾರಾಟವೂ ನಿಂತಿದೆ. ದಾಳಿಯ ಸುದ್ದಿಗಳಲ್ಲಿ ನಾಶಪಡಿಸಿದ್ದೆಂದು ಓದುವ ಬೆಲ್ಲದ ಕೊಳೆ ಎಂದರೆ ಇನ್ನೂ ಭಟ್ಟಿ ಕಾಣದ ಹುಳಿರಸ. ಅಲ್ಲಿ ಬೆಲ್ಲವನ್ನೇ ಬಳಸುವುದಕ್ಕೂ ಕಾರಣ ಮೇಲೆ ಹೇಳಿದ್ದೇ: ಬೆಲ್ಲ ಆಗಲೇ ಸಕ್ಕರೆ, ಯೀಸ್ಟ್ ನೇರವಾಗಿ ತಿನ್ನುತ್ತದೆ. ಬಟಾಟೆಯನ್ನು ಬೇಯಿಸಿ, ಮೊಳಕೆ ಹಿಟ್ಟು ಬೆರೆಸಿ, ಶಾಖ ಕಾಯ್ದು ಕೂರುವ ತಾಳ್ಮೆ ಕಳ್ಳಭಟ್ಟಿಯವನಿಗೆ ಇರುವುದಿಲ್ಲ. ಮೊಳಕೆ ರಾಗಿ ಬೆರೆಸಿದ ನನ್ನ ಪಾತ್ರೆಯ ಬಟಾಟೆ ಅಂಬಲಿಯನ್ನಂತೂ ಒಂದು ಚಿಟಿಕೆ ಉಪ್ಪು, ಮಜ್ಜಿಗೆ ಸೇರಿಸಿ ಅದೇ ಸಂಜೆ ಕುಡಿದು ಮುಗಿಸಿದೆವು.